ಬಯಲಿರುವ ಕಾಲೇಜು

ನಲವತ್ತಮೂರನೆಯ ವಯಸ್ಸಿನಲ್ಲಿ ಕಾಲೇಜು ಹುಡುಕಲು ಹೊರಟರೆ ನಿಮ್ಮನ್ನು ಯಾರೂ ವಿದ್ಯಾರ್ಥಿನಿ ಎಂದು ನಂಬುವುದಿಲ್ಲ. ವನ್ಯಜೀವಿ ಸಂರಕ್ಷಣೆಯ ಪದವಿಗೆ ಅರ್ಜಿ ಕೇಳಿ ಫೋನ್ ಮಾಡಿದಾಗ ಆ ಕಡೆಯ ಗುಮಾಸ್ತರು, "ಮಗನಿಗೋ ಮಗಳಿಗೋ ಮೇಡಂ?" ಎಂದರು. "ನನಗೇ" ಎಂದೆ. ಎರಡು ಸಲ ಹಲೋ ಹಲೋ ಎಂದು, "ನೆಟ್‌ವರ್ಕ್ ಸರಿಯಿಲ್ಲ ಅನ್ಸುತ್ತೆ" ಎಂದರು.

ನಾನು ಮಧುಗಿರಿ–ಪಾವಗಡ ಬಸ್ಸಿನ ಕಂಡಕ್ಟರ್. ಪಿಯುಸಿ ಮುಗಿದದ್ದೇ ಮದುವೆಯಾಯಿತು, ಆಮೇಲೆ ಕೈಗೆ ಟಿಕೆಟ್ ಮಿಷನ್ ಬಂತು. ಹದಿನೆಂಟು ವರ್ಷದಿಂದ ಟಿಕೆಟ್ ಕೊಡುತ್ತ ಕೊಡುತ್ತ ಕಿಟಕಿಯಾಚೆ ನೋಡಿದ್ದೇನೆ. ಅಪರೂಪಕ್ಕೊಮ್ಮೆ ಜಿಂಕೆಗಳು ನೆಗೆಯುತ್ತವೆ. ಆ ದಿನ ಒಬ್ಬಿಬ್ಬರಿಗೆ ತಪ್ಪು ಟಿಕೆಟ್ ಹೋಗುತ್ತದೆ.

ಅರ್ಜಿಗಳು ಮೂರು ಬಂದವು. ಮೊದಲ ಕಾಲೇಜಿನ ಪುಸ್ತಕದ ಮೇಲೆ ಹುಲಿಯಿತ್ತು. ಅಲ್ಲಿ ಮೂರು ವರ್ಷ ಹಾಸ್ಟೆಲ್ ವಾಸ. ಎರಡನೆಯದು ಅಂಚೆ ತೆರಪಿನ ಶಿಕ್ಷಣ. ಮೂರನೆಯದು ತುಮಕೂರಿನ ಸಣ್ಣ ಕಾಲೇಜು, ವಾರಕ್ಕೆ ಎರಡು ದಿನ ತರಗತಿ. ಮೇಷ್ಟ್ರಾದ ನನ್ನ ಗಂಡ, "ಮನೇಲಿ ಕೂತು ಓದೋದೇ ನಿನಗೆ ಸರಿ" ಎಂದರು. ಹದಿನೆಂಟು ವರ್ಷ ನಿಂತೇ ಇದ್ದವಳಿಗೆ ಕೂರುವ ಮಾತು ಹಿತವಾಗಿಯೇ ಕೇಳಿಸಿತು.

ಆದರೆ ಮರುದಿನ ಮಿಡಿಗೇಶಿಯಲ್ಲಿ ಪಾತಲಿಂಗಜ್ಜ ಬಸ್ ಹತ್ತಿದ. ಜೀವನವಿಡೀ ಕುರಿ ಕಾದವನು. ನನ್ನ ಚೀಲದಿಂದ ಇಣುಕುತ್ತಿದ್ದ ಅರ್ಜಿಗಳನ್ನು ನೋಡಿ ವಿಚಾರಿಸಿದ. ಹೇಳಿದೆ.

"ಯಾವ ಕಾಲೇಜ್ನಾಗೆ ಬಯಲು ಐತೆ ಕಂಡಕ್ಟ್ರಮ್ಮ?"

ನನಗೆ ಗೊತ್ತಿರಲಿಲ್ಲ. ವಾರದ ರಜೆಯಲ್ಲಿ ಅಜ್ಜ ನನ್ನನ್ನು ತನ್ನ ಕುರಿ ಮೇಯುವ ಜಾಗಕ್ಕೆ ಕರೆದೊಯ್ದ. ಮೊಣಕಾಲುದ್ದದ ಹುಲ್ಲು, ಅದರ ನಡುವೆ ಜಿಂಕೆಯ ಹಿಕ್ಕೆ. ಕಂದಾಯದ ಕಾಗದದಲ್ಲಿ ಇಂಥ ನೆಲಕ್ಕೆ ಖರಾಬು ಎಂದು ಹೆಸರು. ನಮ್ಮ ಕಡೆ ಯಾರನ್ನು ಕೇಳಿದರೂ ಕೆಟ್ಟದ್ದು ಎಂದೇ ಅರ್ಥ ಹೇಳುತ್ತಾರೆ. ಕೆಟ್ಟದ್ದನ್ನು ಒಳ್ಳೆಯದು ಮಾಡಲು ಯಾರೋ ಸಾಲಾಗಿ ಸಸಿಯ ಗುಂಡಿಗೆ ಗುರುತು ಹಾಕಿದ್ದರು.

"ಮರ ಎದ್ರೆ ಹುಲ್ಲು ಹೋಯ್ತದೆ. ಹುಲ್ಲು ಹೋದ್ರೆ ಜಿಂಕೆ ನಿಲ್ಲಾಕಿಲ್ಲ. ನಾವ್ ಹೇಳಿದ್ರೆ ಕುರಿ ಕಾಯೋನು ಅಂತಾರೆ. ಓದ್ಕಂಡೋರು ಯಾರಾನ ಹೇಳ್ಬೇಕು ಕಣಮ್ಮ," ಎಂದ ಅಜ್ಜ.

ಮೂರೂ ಕಡೆ ಮತ್ತೆ ಫೋನ್ ಮಾಡಿ, ಹುಲ್ಲುಗಾವಲಿನ ಪಾಠ ಇದೆಯೇ ಎಂದು ಕೇಳಿದೆ. ಹುಲಿಯವರು, ಕಾಡಿನದೇ ಎಲ್ಲಾ ಎಂದರು. ಅಂಚೆಯವರು, ಎರಡು ಪುಟ ಇದೆ ಎಂದರು. ತುಮಕೂರಿನ ಮೇಡಂ, "ನಮಗೂ ಕಮ್ಮಿ ಗೊತ್ತು. ನಿಮ್ಮ ಕಡೆಯ ಬಯಲನ್ನೇ ಒಂದು ವರ್ಷ ನೋಡಿ ಬರೆಯಿರಿ, ನಾವೂ ಬರ್ತೀವಿ," ಎಂದರು. ಅಲ್ಲಿಗೇ ಸೇರಿದೆ.

ಡಿಪೋದಲ್ಲಿ ಪಾಳಿ ಬದಲಿಸಿಕೊಟ್ಟರು, ಉಳಿದ ದಿನವೆಲ್ಲ ಮೊದಲ ಬಸ್ಸು ನನ್ನದೇ ಎಂಬ ಷರತ್ತಿನ ಮೇಲೆ. ಗಂಡ ಬೆಳಗಿನ ಮುದ್ದೆ ತಿರುವಲು ಕಲಿತರು. ಗಂಟು ಇನ್ನೂ ಹೋಗಿಲ್ಲ. ಮೇಡಂ ಬಂದು ಬಯಲು ನೋಡಿದರು. ಇಲ್ಲಿ ಸಸಿ ಬೇಡವೆಂದು ಇಬ್ಬರೂ ಸೇರಿ ಬರೆದ ಮನವಿ ಅರಣ್ಯ ಇಲಾಖೆಗೆ ತಲುಪಿದ ಮೇಲೆ ಸಸಿಗಳು ರಸ್ತೆಬದಿಗೆ ಹೋದವು, ಈ ವರ್ಷದ ಮಟ್ಟಿಗೆ.

ಮೊನ್ನೆ ಬಸ್ಸಿನಲ್ಲಿ ಅಜ್ಜ, "ಏನ್ ಕಲಿಸವ್ರೆ?" ಎಂದು ಕೇಳಿದ. ಅವನ ಕುರಿಗಳು ದಿನವೂ ಮೇಯುವ ಹುಲ್ಲಿನ ಲ್ಯಾಟಿನ್ ಹೆಸರನ್ನು ಜಂಬದಿಂದಲೇ ಹೇಳಿದೆ. ಎರಡು ಸಲ ಹೇಳಿಸಿಕೊಂಡ.

"ಇಂಥ ಹೆಸರಿನ ಹುಲ್ಲ ಕುರಿ ತಿಂತದಾ?"

"ತಿನ್ನುತ್ತೆ ಅಜ್ಜ. ಅವಕ್ಕೆ ಹೆಸರು ಗೊತ್ತಿಲ್ವಲ್ಲ."

ಅಜ್ಜ ಸ್ವಲ್ಪ ಯೋಚಿಸಿದ. "ಅವಕ್ಕೆ ಹೇಳ್ಬ್ಯಾಡ ಬುಡು," ಎಂದ.