ಮರದ ನೆಲ ಒರೆಸುತ್ತಿದ್ದ ಆಂಟಿ

ಚಳಿಗಾಲ ಮುಗಿಯಿತೆಂದು ಮೊನ್ನೆ ಶನಿವಾರ ಹಿಂಬಾಗಿಲು ತೆರೆದಿಟ್ಟೆ. ಮೂರು ತಿಂಗಳು ಮಕ್ಕಳು ಒದ್ದೆ ಶೂ ಬಿಚ್ಚಿ ಎಸೆದಿದ್ದ ಜಾಗದ ಮ್ಯಾಟ್ ಎತ್ತಿದ್ದೇ ತಡ, ನೆನೆದ ಮರದ ವಾಸನೆ ಮೂಗಿಗೆ ಹೊಡೆಯಿತು. ಹಲಗೆಯ ಅಂಚು ಕಪ್ಪಾಗಿತ್ತು. ಬೇರೆ ದಿನವಾಗಿದ್ದರೆ ಮಕ್ಕಳಿಗೆ ಬೈಯುತ್ತಿದ್ದೆ. ಆದರೆ ಆ ವಾಸನೆಗೆ ಎದುರು ಮನೆಯ ಆಂಟಿ ನೆನಪಾಗಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ...

ಈ ಪರದೇಶಕ್ಕೆ ಬಂದು ಕ್ಲೈಡ್ ನಾರ್ತ್ ಬಡಾವಣೆಯಲ್ಲಿ ಈ ಮನೆ ಕಟ್ಟಿಸುವಾಗ ಗಂಡನೊಡನೆ ಜಗಳವಾಡಿ ಮರದ ನೆಲ ಹಾಕಿಸಿದವಳು ನಾನು. ಹಾಕಿಸಿದ್ದಷ್ಟೇ, ನೋಡಿಕೊಳ್ಳುವುದು ಗೊತ್ತಿರಲಿಲ್ಲ. ಮೊದಲ ಚಳಿಗಾಲ ಕಳೆದ ಮೇಲೆ ಮೈಸೂರಿನ ನಮ್ಮಮ್ಮ ಮಾಡುತ್ತಿದ್ದ ಹಾಗೆ ಬಕೆಟ್ಟಿಗೆ ಫಿನೈಲ್ ಸುರಿದು, ಇನ್ನೇನು ನೀರು ಚೆಲ್ಲಬೇಕು, ಮಡಕಿಕಾಳಿನ ಪಲ್ಯ ಕೊಡಲು ಬಂದಿದ್ದ ಆಂಟಿ ಬಾಗಿಲಲ್ಲೇ ಕೂಗಿದರು. "ನೀರ ಹೊಯ್ಯಬ್ಯಾಡವಾ! ಕಟಗಿ ನೀರ ಕುಡದ್ರ ಉಬ್ಬತೈತಿ."

ಪಲ್ಯದ ಡಬ್ಬಿ ನನ್ನ ಕೈಗಿಟ್ಟು, ಸೆರಗು ಸಿಕ್ಕಿಸಿಕೊಂಡು ಮಂಡಿಯೂರಿದರು. ಮೊದಲು ಮೆತ್ತನೆಯ ಪೊರಕೆಯಲ್ಲಿ ಚಳಿಗಾಲದ ಮಣ್ಣು, ಮರಳನ್ನೆಲ್ಲ ಗುಡಿಸಿದರು. ಅದಿದ್ದಾಗ ಒರೆಸಿದರೆ ಗೀರು ಬೀಳುತ್ತದಂತೆ. ಆಮೇಲೆ ಹಳೆ ಸೀರೆಯ ತುಂಡನ್ನು ಉಗುರುಬೆಚ್ಚಗಿನ ನೀರಿಗೆ ಅದ್ದಿ, ಒಂದು ಹನಿ ಬೀಳದ ಹಾಗೆ ಹಿಂಡಿ, ಹಲಗೆ ಓಡಿದ ದಿಕ್ಕಿನಲ್ಲೇ ಒರೆಸಿದರು. ಬೆನ್ನಿಗೇ ಒಣಬಟ್ಟೆ. ಹೀಟರಿನ ಬಿಸಿಗೆ ಒಣಗಿ ಹಲಗೆಗಳ ನಡುವೆ ಬಿಟ್ಟಿದ್ದ ಸಂದಿಗೆ ಏನಾದರೂ ತುಂಬಿಸೋಣ ಎಂದಿದ್ದಕ್ಕೆ ನಕ್ಕರು. "ಬಿಡ, ಹೀಟರ್ ನಿಂತ್ರ ತಾವ ಕೂಡ್ತಾವ." ನಿಜವಾಗಿಯೂ ಕೂಡಿಕೊಂಡವು.

ಇದೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದಾಗ ಬಟ್ಟೆ ಹಿಂಡುತ್ತಲೇ ಹೇಳಿದರು. ಹುಬ್ಬಳ್ಳಿಯ ರೈಲ್ವೆ ಸಾಹೇಬರ ಬಂಗಲೆಯ ಮಹಡಿಯಲ್ಲಿ ಹಲಗೆಯ ನೆಲವಿತ್ತಂತೆ. ಗಂಡ ಸತ್ತ ಮೇಲೆ ವರ್ಷಗಟ್ಟಲೆ ಅದನ್ನು ಒರೆಸಿ, ಇನ್ನೂ ನಾಲ್ಕು ಮನೆಯ ಮುಸುರೆ ತಿಕ್ಕಿ ಮಗನನ್ನು ಎಂಜಿನಿಯರ್ ಮಾಡಿದ್ದರು. ಮಗ ಇಲ್ಲಿ ಎಲ್ಲರ ಮುಂದೆ ತಾಯಿ ಟೀಚರ್ ಆಗಿದ್ದರು ಎಂದಿದ್ದ. ಆಂಟಿ ನನ್ನ ಮಣಿಕಟ್ಟು ಹಿಡಿದುಕೊಂಡರು. "ಯಾರ ಮುಂದೂ ಅನಬ್ಯಾಡವಾ. ನಾ ಇಲ್ಲಿ ಒರಸೂದೂ ಅವಗ ಗೊತ್ತಾಗಬಾರದು." ದೇವರಾಣೆ ಹೇಳಲ್ಲ ಎಂದೆ.

ಅಲ್ಲಿಂದ ಮುಂದೆ, ಮಗ ಸೊಸೆ ಆಫೀಸಿಗೆ ಹೋದ ಮೇಲೆ, ಪ್ರತಿ ಮಂಗಳವಾರ ಬರುತ್ತಿದ್ದರು. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನ ಅದು. ಅವರ ಮನೆಯಲ್ಲಿ ನೆಲ ಗುಡಿಸಲು ರೋಬೋ ಇತ್ತು. ಅದು ಬಂದಾಗಲೆಲ್ಲ ಸೋಫಾದ ಮೇಲೆ ಕಾಲೆತ್ತಿ ಕೂರುವುದೇ ತನ್ನ ಕೆಲಸ ಎಂದು ತಮಾಷೆ ಮಾಡುತ್ತಿದ್ದರು. ನಮ್ಮಲ್ಲಿ ಒರೆಸುತ್ತ ಒರೆಸುತ್ತ ಮಾತು, ಮಾತಿನ ತುಂಬ ಮಗ. ಬೇಡವೆಂದು ನಾನು ಬಾಯಿಮಾತಿಗೆ ಹೇಳುತ್ತಿದ್ದೆ, ಅಷ್ಟೆ. ನನ್ನ ನೆಲ ಕನ್ನಡಿಯಾಗಿತ್ತಲ್ಲ, ಬಿಟ್ಟುಕೊಟ್ಟೆ...

ಮರುವರ್ಷ, ಇಲ್ಲಿಯ ಚಳಿಗಾಲ ಮುಗಿಯುವ ಹೊತ್ತಿಗೇ ಬರುವ ಗಣೇಶನ ಹಬ್ಬದ ಊಟಕ್ಕೆ ಹತ್ತು ಮನೆಯವರನ್ನು ಕರೆದಿದ್ದೆ. ಆಂಟಿಯ ಮನೆಯವರೂ ಇದ್ದರು. ಪಕ್ಕದ ಕ್ರಾನ್‌ಬರ್ನ್‌ನಿಂದ ಬಂದಿದ್ದ ಗೆಳತಿ ನೆಲ ನೋಡಿ, "ವಿಂಟರ್ ಆದ್ಮೇಲೂ ಹೀಗೆ ಹೊಳೀತಿದೆಯಲ್ಲೇ! ಯಾವ ಕ್ಲೀನರ್ ಬುಕ್ ಮಾಡಿದ್ದೆ?" ಎಂದಳು. ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹೊಗಳಿಕೆಗೆ ಉಬ್ಬಿಹೋಗಿದ್ದೆ. "ಕ್ಲೀನರ್ ಯಾಕೆ, ನಮ್ಮ ಆಂಟಿ ಇದಾರಲ್ಲ! ಹುಬ್ಬಳ್ಳಿ ರೈಲ್ವೆ ಬಂಗಲೆಯನ್ನೇ ಹೊಳೆಸಿದ ಕೈ ಅದು" ಎಂದುಬಿಟ್ಟೆ.

ಮಗನ ಮುಖ ಕಪ್ಪಿಟ್ಟಿತು. ಆಂಟಿ ನಗಲು ನೋಡಿದರು. "ಇಲ್ರೀ, ಆಕಿ ಚ್ಯಾಷ್ಟಿ ಮಾಡಾಕತ್ತಾಳ." ಯಾರೂ ನಗಲಿಲ್ಲ. ಅರ್ಧ ಊಟದಲ್ಲೇ ಆತ ಎದ್ದ. "ಅಮ್ಮ, ಹೊರಡೋಣ. ನನಗೊಂದು ಕಾಲ್ ಇದೆ."

ಮುಂದಿನ ಮಂಗಳವಾರ ಆಂಟಿ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಕ್ಷಮೆ ಕೇಳಲೆಂದು ಹೋದಾಗ ಸೊಸೆ ಬಾಗಿಲಲ್ಲೇ ನಿಂತು ಅತ್ತೆ ಮಲಗಿದ್ದಾರೆ ಎಂದಳು. ಬೆಳಗಿನ ಹತ್ತು ಗಂಟೆ. ಆ ಹೆಂಗಸು ಹಗಲು ಮಲಗಿದ್ದನ್ನು ನಾನು ಕಂಡಿರಲಿಲ್ಲ. ಡಿಸೆಂಬರ್ ಹೊತ್ತಿಗೆ ಅವರು ಸಿಡ್ನಿಯ ದಿ ಪಾಂಡ್ಸ್ ಬಡಾವಣೆಗೆ ಮನೆ ಬದಲಾಯಿಸಿದರು. ಟ್ರಕ್ ತುಂಬುವುದನ್ನು ಕಿಟಕಿಯಿಂದ ನೋಡಿದೆ. ಹೊರಗೆ ಬರುವ ಧೈರ್ಯವಾಗಲಿಲ್ಲ.

ಹೋದ ವರ್ಷ ಚಳಿಗಾಲದ ಕೊನೆಗೆ ವಾಟ್ಸ್ಯಾಪ್ ಗ್ರೂಪಿನಲ್ಲಿ ಆಂಟಿ ತೀರಿಕೊಂಡ ಸುದ್ದಿ ಬಂತು. ಮಗನಿಗೆ ಫೋನ್ ಮಾಡಿದೆ. ಬೈಯುತ್ತಾನೆ ಅಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. ಆವತ್ತು ಮನೆಗೆ ಹೋಗಿ ತಾಯಿಯ ಮೇಲೆ ಕೂಗಾಡಿದನಂತೆ, ನೀನು ನನ್ನ ಮಾನ ಕಳೆದೆ ಎಂದನಂತೆ. ಅಂದಿನಿಂದ ಆಂಟಿ ಹೂಂ, ಉಹೂಂ ಬಿಟ್ಟು ಅವನೊಡನೆ ಮಾತೇ ಆಡಲಿಲ್ಲವಂತೆ, ಕೊನೆಯವರೆಗೂ. ಇಷ್ಟು ಹೇಳಿ ಆತ ತಡೆದು ತಡೆದು ಕೇಳಿದ. "ನಿಮ್ ಮನ್ಯಾಗ ಅವ್ವ ಏನ್ ಮಾತಾಡ್ತಿದ್ಲ್ರೀ?"

ನಿನ್ನ ಬಗ್ಗೆಯೇ ಎಂದೆ. ತಾನು ಮಹಡಿ ಒರೆಸುವಾಗ ಮಗ ಮೆಟ್ಟಿಲ ಮೇಲೆ ಕೂತು ಮಗ್ಗಿ ಒಪ್ಪಿಸುತ್ತಿದ್ದದ್ದು, ತಪ್ಪಿದರೆ ತನಗೆ ಗೊತ್ತೇ ಆಗುತ್ತಿರಲಿಲ್ಲ ಎಂದು ಅವರು ನಕ್ಕಿದ್ದು, ಎಲ್ಲ ಹೇಳಿದೆ. ಅಂದಿನಿಂದ ತಿಂಗಳಿಗೊಮ್ಮೆ ಫೋನ್ ಮಾಡುತ್ತಾನೆ. ಇನ್ನೇನು ಅಂದಿದ್ಲು, ಇನ್ನೇನು... ನನ್ನ ಹತ್ತಿರ ಇದ್ದ ಮಾತುಗಳು ಈ ಸಲದ ಚಳಿಗಾಲ ಕಳೆಯುವ ಮೊದಲೇ ಮುಗಿದುಹೋದವು.

ಮೊನ್ನೆ ಆ ಕಪ್ಪು ಹಲಗೆಯ ಪಕ್ಕ ಕೂತಿದ್ದಾಗಲೇ ಮತ್ತೆ ಫೋನ್ ಬಂತು. ಮತ್ತೆ ಅದೇ ಪ್ರಶ್ನೆ. ಸಿಡ್ನಿಗೆ ಹೊರಡುವ ಹಿಂದಿನ ದಿನ ಆಂಟಿ ನಮ್ಮ ಮನೆಗೆ ಬಂದಿದ್ದರು, ಮಗನ ಮೇಲೆ ತನಗೆ ಸಿಟ್ಟಿಲ್ಲ ಅಂದಿದ್ದರು ಎಂದೆ. ಆ ಕಡೆಯಿಂದ ಬಹಳ ಹೊತ್ತು ಅಳು ಕೇಳಿಸಿತು. ಆಮೇಲೆ, "ಭಾಳ ಉಪಕಾರ ಆತ್ರೀ ಅಕ್ಕಾ" ಎಂದ.

ಆಂಟಿ ಬಂದೇ ಇರಲಿಲ್ಲ.