ತವರೂರಿನಲ್ಲಿ ಒಂಬೈನೂರರ ರೂಮು

"ಲಾಡ್ಜಿನ ರೂಮು ಮಲಗಿ ಏಳಾಕಷ್ಟ್ರಿ ಅಕ್ಕಾರ, ಐನೂರರ ಮ್ಯಾಲ ಕೊಡಬ್ಯಾಡ್ರಿ" ಎಂದು ನನಗೆ ಮೊದಲು ಹೇಳಿದವಳು ನಮ್ಮ ಆಫೀಸಿನ ಶಬಾನಾ. ಎಲ್ಲ ಊರಲ್ಲೂ ಹಾಗೇ ನಡೆದುಕೊಂಡೆ. ಮೊನ್ನೆ ಕೆಲಸದ ಮೇಲೆ ಸಿಂದಗಿಗೆ ಹೋದಾಗ ಲಾಡ್ಜಿನ ಗಲ್ಲಾದಲ್ಲಿ ಕೂತಿದ್ದ ಮುದುಕರೊಬ್ಬರು ಒಂಬೈನೂರು ಅಂದರು. ನಾನು ಚೌಕಾಸಿಗೆ ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು.

"ಯಾವೂರ್ರಿ ನಿಮ್ದು?"

"ಇದ ಊರ್ರಿ. ನನ್ನ ತವರು."

"ತವರಿಗೆ ಬಂದು ಲಾಡ್ಜ್ ಹಿಡೀತೀರೇನ್ರಿ!"

"ಅವ್ವ ತೀರಿಕೊಂಡ್ಳು. ಅಣ್ಣ ಮನಿ ಮಾರಿ ಸೊಲ್ಲಾಪುರ ಸೇರಿದ."

ಅವರು ಕೀಲಿ ಕೊಟ್ಟರು. ಒಂದು ರೂಪಾಯಿಯೂ ಇಳಿಸಲಿಲ್ಲ. ಮರುದಿನ ನಾನು ಹೊರಟಾಗ ಮಾತ್ರ ಬಾಗಿಲ ತನಕ ಬಂದು, "ಮತ್ತ ಯಾವಾಗ ಬರ್ತಿ, ತಂಗಿ?" ಎಂದರು. ಅವ್ವ ಹೋದ ಮೇಲೆ ಈ ಊರಲ್ಲಿ ಯಾರೂ ಹಾಗೆ ಕೇಳಿರಲಿಲ್ಲ.

ನಿಮಗೆ ಶಬಾನಾ ಸಿಕ್ಕರೆ ಹೇಳಿ, ಒಂಬೈನೂರು ಜಾಸ್ತಿ ಆಗಲಿಲ್ಲ ಅಂತ. ಅವಳಿಗೆ ತವರುಮನೆ ಇನ್ನೂ ಇದೆ, ಹಾಗಾಗಿ ಅವಳು ನಂಬಲಿಕ್ಕಿಲ್ಲ.