ಬೋರೆಯಲ್ಲಿ ಮಣ್ಣಾದ ಬಲದೆತ್ತು

ನೀವೇ ಮಣ್ಣು ಮಾಡಿದ್ದನ್ನು ನೀವೇ ಮತ್ತೆ ಅಗೆದು ನೋಡಿದ್ದೀರಾ? ಸಾಕಿದ ನಾಯಿಯೋ, ಬೆಕ್ಕೋ, ಎಮ್ಮೆಯ ಕರುವೋ? ಅಗೆಯುವ ಮುಂಚೆ ಒಳಗೆ ಏನಿರುತ್ತದೆ ಎಂದು ನಿಮಗೆ ಗೊತ್ತಿತ್ತೇ? ನನಗೆ ಗೊತ್ತಿತ್ತು. ಗೊತ್ತಿದೆ ಅಂದುಕೊಂಡಿದ್ದೆ.

ಈ ಪೇಜಿಗೆ ಹೊಸದಾಗಿ ಬಂದವರಿಗೆ ಹೇಳಿಬಿಡುತ್ತೇನೆ. ನನ್ನದು ಹುಣಸೂರು. ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ. ವಯಸ್ಸು ನಲವತ್ತು ದಾಟಿದೆ, ಎಷ್ಟು ದಾಟಿದೆ ಎಂದು ಕೇಳಬೇಡಿ. ಸತ್ತ ಪ್ರಾಣಿಗಳ ಮೂಳೆ ಕೂಡಿಡುವುದು ನನ್ನ ಹವ್ಯಾಸ. ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಆದರೆ ತಾರಸಿಯ ಶೀಟಿನ ಕೆಳಗೆ ಕುರಿಯ ಬುರುಡೆ ಇದೆ, ನಾಯಿಯದಿದೆ, ಹೆಗ್ಗಣದ್ದು ಬಾಲದ ತುದಿಯವರೆಗೂ ಪೂರ್ತಿ ಇದೆ. "ಮಾಂಸ ಮುಟ್ಟದ ಮನೇಲಿ ಮೂಳೆ ಅಂಗ್ಡಿ ಇಟ್ಟವ್ಳೆ ಕಣ್ರೀ" ಎಂದು ನಮ್ಮ ಯಜಮಾನರು ಬಂದ ನೆಂಟರಿಗೆಲ್ಲ ಹೇಳುತ್ತಾರೆ. ಕಾಡಿನದು ಮಾತ್ರ ಒಂದೂ ಇಲ್ಲ. ಕಾಕನಕೋಟೆ ಕಡೆ ಹೋದಾಗ ರಸ್ತೆಯ ಪಕ್ಕ ಜಿಂಕೆಯ ಕೊಂಬು ಬಿದ್ದಿದ್ದನ್ನು ಕಂಡೂ ಮುಟ್ಟದೆ ಬಂದವಳು ನಾನು. ಕೇಸು ಬೀಳುತ್ತದೆ. ಇನ್‌ಬಾಕ್ಸಿಗೆ ಬಂದು ಹುಲಿ ಉಗುರು ಕೇಳುವವರು ದಯವಿಟ್ಟು ಬೇರೆ ಕಡೆ ಹೋಗಿ.

ಕೆಲಸ ಬಹಳ ಸುಲಭ, ತಾಳ್ಮೆ ಬೇಕು ಅಷ್ಟೆ. ಸತ್ತದ್ದನ್ನು ಮಣ್ಣಿನಲ್ಲಿ ಹೂತು ಮರೆತುಬಿಡಬೇಕು. ಹುಳು, ಇರುವೆ, ಗೆದ್ದಲು ನಮ್ಮ ಪರವಾಗಿ ಕೆಲಸ ಮಾಡುತ್ತವೆ. ತಿಂಗಳುಗಳಾದ ಮೇಲೆ ತೆಗೆದರೆ ಚೊಕ್ಕ ಮೂಳೆ. ಸೋಪಿನ ಪುಡಿಯ ನೀರಿನಲ್ಲಿ ನೆನೆಹಾಕಿ ಜಿಡ್ಡು ತೆಗೆದು ನೆರಳಿನಲ್ಲಿ ಒಣಗಿಸಿದರೆ ಆಯಿತು. ಕುದಿಸಬಾರದು, ಜಿಡ್ಡು ಒಳಕ್ಕೆ ಇಳಿದು ಮೂಳೆ ಹಳದಿಯಾಗುತ್ತದೆ.

ನನ್ನ ತವರು ಎಚ್.ಡಿ. ಕೋಟೆ ತಾಲ್ಲೂಕು. ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು ಆಟೋ ಹಿಡಿಯಬೇಕು. ಅಲ್ಲಿ ಅಣ್ಣನಿದ್ದಾನೆ, ಅತ್ತಿಗೆ ಇದ್ದಾರೆ. ಊರಿಗೆಲ್ಲ ಟ್ರ್ಯಾಕ್ಟರ್ ಬಂದರೂ ಅಣ್ಣ ಜೋಡಿ ಎತ್ತು ಬಿಟ್ಟಿರಲಿಲ್ಲ. ಹೆಸರು ಇಟ್ಟಿರಲಿಲ್ಲ. ನೊಗಕ್ಕೆ ಎಡಗಡೆ ಕಟ್ಟುವುದು ಎಡದವನು, ಬಲಗಡೆಯದು ಬಲದವನು. ಕರುಗಳಾಗಿ ಒಟ್ಟಿಗೆ ಬಂದವು, ಒಟ್ಟಿಗೇ ಮುದಿಯಾಗುತ್ತಿದ್ದವು. ಕಳೆದ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಬಲದವನು ಹೊಟ್ಟೆ ಉಬ್ಬಿ ಸತ್ತ.

ಸುದ್ದಿ ತಿಳಿದು ನಾನು ಹೋದಾಗ ಅಣ್ಣ ಕೊಟ್ಟಿಗೆಯ ಕಂಬಕ್ಕೆ ಒರಗಿ ಕೂತಿದ್ದ. ನನ್ನನ್ನು ನೋಡಿದವನೇ ಕೇಳಿದ.

"ನೀನು ತಲೆಬುರ್ಡೆ ತೆಗ್ದು ಇಟ್ಕತೀಯಲ್ಲವ್ವ, ಇವ್ನುದ್ನೂ ತೆಕ್ಕೊಡ್ತೀಯಾ? ಕೊಂಬು ಸಮೇತ?"

"ಯಾತಕ್ಕಣ್ಣ?"

"ಗ್ವಾದ್ಲಿ ಮೇಲೆ ಕಟ್ತೀನಿ. ಇಲ್ದೆವೋದ್ರೆ ಎಡದೋನೂ ಒಂಟೋಯ್ತಾನೆ. ನೋಡಿಲ್ಲಿ."

ನೋಡಿದೆ. ಗೋದಲಿಯ ತುಂಬ ಹುಲ್ಲಿತ್ತು. ಎಡದವನು ತನ್ನ ಅರ್ಧ ತಿಂದಿದ್ದ. ಬಲದವನ ಅರ್ಧ ಹಾಗೇ ಇತ್ತು, ಮಧ್ಯೆ ಗೆರೆ ಎಳೆದ ಹಾಗೆ. ಒಂದು ಕಡ್ಡಿಯೂ ಆ ಕಡೆಯಿಂದ ಈ ಕಡೆಗೆ ಬಂದಿರಲಿಲ್ಲ.

ಒಪ್ಪಿಕೊಂಡೆ. ಅಣ್ಣನಿಗಾಗಿ ಎಂದು ಹೇಳಿದರೆ ಪೂರ್ತಿ ನಿಜವಲ್ಲ. ಅಂಥ ಕೊಂಬು ನನ್ನ ಕೈಗೆ ಎಂದೂ ಸಿಕ್ಕಿರಲಿಲ್ಲ. ತಲೆ ಬೇರೆ ಮಾಡಲು ಅಣ್ಣ ಬಿಡಲಿಲ್ಲ. ಸರಿ, ಇಡಿಯಾಗಿಯೇ ಹೂಳೋಣ ಎಂದು ಹೊಲದ ಮೇಲಿನ ಬೋರೆ ತೋರಿಸಿದೆ. ಗರಸು ಮಣ್ಣಿನ ಒಣ ದಿಬ್ಬ ಅದು, ನೀರು ನಿಲ್ಲುವುದಿಲ್ಲ, ಇರುವೆ ಬೇಕಾದಷ್ಟು. ಹಲ್ಲು ಉದುರಿ ಕಳೆದುಹೋಗದಂತೆ ತಲೆಗೆ ಕೋಳಿ ಗೂಡಿನ ಜಾಲರಿ ಸುತ್ತಿ, ಮಣ್ಣನ್ನು ತುಳಿಯಬೇಡಿ ಎಂದೆಲ್ಲ ಹೇಳಿ, ಅಂಗಡಿ ಮುಚ್ಚಿ ಬಂದಿದ್ದೆನಾದ್ದರಿಂದ ಗುಂಡಿ ತೋಡುತ್ತಿರುವಾಗಲೇ ಬಸ್ಸಿಗೆ ಹೊರಟುಬಿಟ್ಟೆ.

ಆ ವರ್ಷವೆಲ್ಲ ಎಡದವನು ಬಡವಾಗುತ್ತಾ ಹೋದ. ಅಣ್ಣ ಪಿರಿಯಾಪಟ್ಟಣದ ಕಡೆಯಿಂದ ಒಂದು ಹೊಸ ಎತ್ತು ತಂದು ಬೇರೆ ಗೋದಲಿಗೆ ಕಟ್ಟಿದ. ಅದನ್ನು ಬಲಕ್ಕೆ ಕಟ್ಟಿ ನೊಗ ಇಟ್ಟರೆ ಎಡದವನು ಮಂಡಿಯೂರಿ ಮಲಗಿಬಿಡುತ್ತಿದ್ದ. ಹೊಡೆದರೂ ಏಳುತ್ತಿರಲಿಲ್ಲ. "ಸಂತೆಗೆ ಹೊಡ್ಕಂಡೋಗು, ಇನ್ನು ಇವ್ನು ಗೇಯಲ್ಲ" ಎಂದು ಊರವರು ಹೇಳತೊಡಗಿದರು. ಸಂತೆಗೆ ಹೋದ ಮುದಿ ಎತ್ತು ಎಲ್ಲಿಗೆ ಹೋಗುತ್ತದೆ ಎಂದು ಅಣ್ಣನಿಗೆ ಗೊತ್ತು. ನನಗೆ ಫೋನಿನ ಮೇಲೆ ಫೋನು. "ಆಯ್ತೇನವ್ವ? ತೆಗೀಬೋದಾ? ಅಷ್ಟೊತ್ಗೆ ಇವ್ನು ಉಳೀಬೇಕಲ್ಲ."

ಈ ವರ್ಷದ ಬೇಸಿಗೆಯಲ್ಲಿ ಮೊದಲ ಮಳೆಗೆ ಮುಂಚೆ ಹೋದೆ. ಮಟಮಟ ಮಧ್ಯಾಹ್ನ. ಅಗೆಯಲು ಪಕ್ಕದ ಹೊಲದವನು ಗುದ್ದಲಿ ತಂದಿದ್ದ.

"ಅಕ್ಕೋ, ಬುರ್ಡೆ ನಿಂಗೆ, ಮಿಕ್ಕಿದ್ದು ನನ್ ತೆಂಗಿನ್ ಗಿಡುಕ್ಕೆ. ಆಯ್ತಾ?" ಎಂದು ಹಲ್ಲು ಕಿರಿದ.

"ಮದ್ಲು ಅಗಿಯಲಾ, ಪಾಲು ಆಮ್ಯಾಕೆ" ಎಂದ ಅಣ್ಣ. ಎಡದವನನ್ನು ಬದುವಿನ ಹತ್ತಿರ ಗೂಟಕ್ಕೆ ಕಟ್ಟಿದ್ದ.

ಮಣ್ಣು ತೆಗೆಯುತ್ತಾ ಹೋದ ಹಾಗೆ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಒಂದು ಇರುವೆ ಇಲ್ಲ. ಒಂದು ಬೇರು ಕೂಡ ಒಳಕ್ಕೆ ಇಳಿದಿರಲಿಲ್ಲ. ವಾಸನೆ, ಹಳೆಯ ಚರ್ಮದ ಚಪ್ಪಲಿಯ ವಾಸನೆ. ಗುದ್ದಲಿ ಬೇಡವೆಂದು ನಾನೇ ಗುಂಡಿಗೆ ಇಳಿದು ಕೈಯಲ್ಲಿ ಮಣ್ಣು ಸರಿಸಿದೆ. ಜಾಲರಿ ಸಿಕ್ಕಿತು. ಬಿಡಿಸಿದರೆ ಒಳಗೆ ಒಂದು ಬಿಳಿ ಬಟ್ಟೆ. ನಾನು ಇಟ್ಟದ್ದಲ್ಲ. ಎತ್ತಿದೆ.

ಬಲದವನು ನನ್ನನ್ನು ನೋಡುತ್ತಿದ್ದ.

ಕಣ್ಣಿರಲಿಲ್ಲ, ಗುಳಿ ಬಿದ್ದಿತ್ತು. ಆದರೆ ರೆಪ್ಪೆ ಇತ್ತು, ರೆಪ್ಪೆಯ ಕೂದಲಿತ್ತು. ಚರ್ಮ ಮೂಳೆಗೆ ಅಂಟಿಕೊಂಡು ಗಟ್ಟಿಯಾಗಿತ್ತು. ತುಟಿ ಹಿಂದಕ್ಕೆ ಸರಿದು ಹಲ್ಲು ಕಾಣುತ್ತಿದ್ದವು. ಹಣೆಯ ಮೇಲೆ ಮೂರೆಳೆ ವಿಭೂತಿ, ನೆನ್ನೆ ಬಳಿದ ಹಾಗೆ. ಕೈಗೆ ಹರಳು ಹರಳಾಗಿ ಏನೋ ತಾಗಿತು. ಕಲ್ಲುಪ್ಪು.

"ಯಾರು ಉಪ್ಪು ಹಾಕಿದ್ದು?" ಗುಂಡಿಯಿಂದಲೇ ಕೇಳಿದೆ.

"ನಾನೇ ಕಣವ್ವ" ಎಂದರು ಗುಂಡಿಯ ಮೇಲಿದ್ದ ಅತ್ತಿಗೆ. "ನಿಮ್ಮಪ್ಪುನ್ಗೆ ಹಾಕ್ಲಿಲ್ವಾ? ವಿಭೂತಿ, ಉಪ್ಪು, ಪತ್ರೆ. ಮನೇಲಿ ಗೇದೋನ್ನ ಉಪ್ಪಿಲ್ದೆ ಮಣ್ಣು ಮಾಡ್ತಾರಾ ಯಾರಾದ್ರೂವೆ? ಜಾಲ್ರಿ ಬಿಚ್ಚಿ ಬಟ್ಟೆ ಹೊದ್ಸಿ ಮತ್ತೆ ಸುತ್ತಿ, ಒಂದು ಮೂಟೆ ಪೂರ್ತಿ ಮುಖುದ್ ಸುತ್ಲೂ ಸುರ್ದೆ."

ಜಾಲರಿ, ಮಣ್ಣು, ಇರುವೆ, ಎಲ್ಲ ಹೇಳಿದ್ದೆ. ಉಪ್ಪು ಬೇಡ ಎಂದು ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಉಪ್ಪಿನಲ್ಲಿಟ್ಟದ್ದು ಕೊಳೆಯುವುದಿಲ್ಲ. ಮಾವಿನಕಾಯಿ ಉಪ್ಪಿಗೆ ಹಾಕುವವರಿಗೆಲ್ಲ ಗೊತ್ತಿರುವ ವಿಷಯ.

ಅಷ್ಟರಲ್ಲಿ ಗೂಟ ಕಿತ್ತ ಸದ್ದಾಯಿತು. ಎಡದವನು ಹಗ್ಗ ಎಳೆದುಕೊಂಡು ನೇರವಾಗಿ ಬಂದ. ಪಕ್ಕದ ಹೊಲದವನು ಗುದ್ದಲಿ ಬಿಟ್ಟು ಹಿಂದಕ್ಕೆ ಹಾರಿದ. ಗುಂಡಿಯಲ್ಲಿ ನಾನಿದ್ದೇನೆ, ಮೇಲೆ ಅಷ್ಟು ದೊಡ್ಡ ಎತ್ತು. ಅದು ಅಂಚಿನಲ್ಲಿ ಮುಂಗಾಲು ಮಡಿಸಿ, ಕತ್ತು ಇಳಿಸಿ, ನನ್ನ ಭುಜದ ಪಕ್ಕದಿಂದ ನಾಲಿಗೆ ಚಾಚಿ ಬಲದವನ ಮುಖ ನೆಕ್ಕತೊಡಗಿತು. ಹಣೆಯಿಂದ ಮೂಗಿನವರೆಗೆ. ನಿಧಾನವಾಗಿ. ಗಟ್ಟಿ ಚರ್ಮದ ಮೇಲೆ ಒರಟು ನಾಲಿಗೆಯ ಸರ್ ಸರ್ ಸದ್ದು ಬಿಟ್ಟರೆ ಬೋರೆಯ ಮೇಲೆ ಬೇರೆ ಸದ್ದಿಲ್ಲ. ವಿಭೂತಿ ಅಳಿಸಿಹೋಯಿತು. ಒದ್ದೆಯಾದ ರೆಪ್ಪೆ ಒಂದು ಸಲ ಅಲುಗಿತು. ನಾಲಿಗೆ ತಾಗಿ ಅಲುಗಿತು, ನನಗೆ ಗೊತ್ತು. ಆದರೂ ನಾನು ಗುಂಡಿಯಿಂದ ಹೇಗೆ ಮೇಲೆ ಬಂದೆ ಎಂಬುದು ನೆನಪಿಲ್ಲ.

ಪಕ್ಕದ ಹೊಲದವನು ಕೈ ಮುಗಿದು ನಿಂತಿದ್ದ. ತೆಂಗಿನ ಗಿಡದ ಮಾತಿರಲಿಲ್ಲ.

"ಮುಚ್ಚುಬುಡಿ" ಎಂದ ಅಣ್ಣ.

"ಅಣ್ಣ, ನೀರಲ್ಲಿ ನೆನೆಹಾಕ್ತೀನಿ. ಇನ್ನೊಂದ್ಸ್ವಲ್ಪ ದಿನ ಕೊಡು, ಬುರ್ಡೆ ಬತ್ತದೆ. ಗ್ವಾದ್ಲಿ ಮೇಲೆ ಕಟ್ಬೇಕು ಅಂದಿದ್ದು ನೀನೇ ತಾನೆ?"

"ಮುಖ ಇರೋನ ಮುಖ ಕೀಳ್ತೀಯಾ?"

ಮುಚ್ಚಿದೆವು. ದನಕ್ಕೆ ಉಪ್ಪೆಂದರೆ ಪ್ರಾಣ, ಅದಕ್ಕೇ ನೆಕ್ಕಿದ್ದು ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಅಣ್ಣನ ಮುಖ ನೋಡಿ ನುಂಗಿಕೊಂಡೆ.

ಆ ಸಂಜೆ ಕೊಟ್ಟಿಗೆಯಲ್ಲಿ ಎಡದವನು ತನ್ನ ಅರ್ಧ ತಿಂದ. ಆಮೇಲೆ ಬಲದವನ ಅರ್ಧವನ್ನೂ ತಿಂದ. ವಾರದೊಳಗೆ ಹೊಸ ಎತ್ತಿನ ಜೊತೆ ನೊಗಕ್ಕೆ ನಿಂತ. ಈಗ ಮೈ ತುಂಬಿಕೊಂಡಿದ್ದಾನೆ, ಸಂತೆಯ ಮಾತನ್ನು ಯಾರೂ ಎತ್ತುವುದಿಲ್ಲ. ಆದರೆ ನೊಗ ಇಳಿಸಿದ ಕೂಡಲೇ ಬೋರೆಗೆ ಹೋಗಿ, ಮಂಡಿಯೂರಿ, ಅದೇ ಜಾಗದ ಮಣ್ಣು ನೆಕ್ಕುತ್ತಾನಂತೆ. "ದಿನಾ ಹೋಗಿ ಮಾತಾಡ್ಸ್ಕಂಡ್ ಬತ್ತಾನೆ ಕಣವ್ವ" ಎಂದು ಅಣ್ಣ ಫೋನಿನಲ್ಲಿ ಹೇಳುತ್ತಾನೆ. ದನಿಯಲ್ಲಿ ಖುಷಿ.

ನಾನು ಸುಮ್ಮನಿರುವವಳಲ್ಲ. ದನಗಳಿಗೆಂದೇ ಮಾರುವ ಉಪ್ಪಿನ ಇಟ್ಟಿಗೆ ತೆಗೆದುಕೊಂಡು ಹೋಗಿ ಕೊಟ್ಟಿಗೆಯಲ್ಲಿ ಎಡದವನ ಮೂಗಿನ ಮುಂದೆಯೇ ಕಟ್ಟಿದೆ. ಹೊಸ ಎತ್ತು ಬಂದು ನೆಕ್ಕಿತು. ಎಡದವನು ಮೂಸಿ, ಮುಖ ತಿರುಗಿಸಿ, ಬೋರೆಯ ದಾರಿ ಹಿಡಿದ.

ಹಿಂದೆಯೇ ಹೋದೆ. ಅಷ್ಟು ಹೊತ್ತಿಗೆ ಮಳೆಗಾಲ ಮುಗಿಯುತ್ತಾ ಬಂದಿತ್ತು, ದಿಬ್ಬದ ಮೇಲ್ಮಣ್ಣು ಕೊಚ್ಚಿ ಹೋಗಿ ಬರೀ ಗರಸು ಉಳಿದಿತ್ತು. ಅವನು ನೆಕ್ಕಿ ಎದ್ದು ಹೋದ ಜಾಗ ಇನ್ನೂ ಒದ್ದೆಯಿತ್ತು. ಅದರ ಪಕ್ಕದಿಂದ ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲಿಟ್ಟುಕೊಂಡೆ. ಸಪ್ಪೆ. ಬರೀ ಮಣ್ಣು.

ಅಣ್ಣನಿಗೆ ಇದನ್ನೂ ಹೇಳಿಲ್ಲ. ಏನೆಂದು ಹೇಳಲಿ? ಉಪ್ಪಿಗೆ ಹೋಗುತ್ತಾನೆ ಎಂದು ಹೇಳದೆ ಇದ್ದವಳು, ಉಪ್ಪಿಗಲ್ಲ ಎಂದು ಈಗ ಯಾವ ಬಾಯಿಂದ ಹೇಳಲಿ?

ಜೋಡಿ ಎತ್ತು ಸಾಕಿದವರು, ಅದರಲ್ಲಿ ಒಂದನ್ನು ಕಳೆದುಕೊಂಡವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಕೆ.ಆರ್. ನಗರ, ಮಿರ್ಲೆ ಕಡೆಯವರು, ಪಿರಿಯಾಪಟ್ಟಣದವರು, ನಮ್ಮ ಕೋಟೆಯವರು. ಉಳಿದದ್ದು ಏನು ಮಾಡಿತು? ಎಲ್ಲಿಗೆ ಹೋಗುತ್ತಿತ್ತು, ಎಷ್ಟು ದಿನ ಹೋಯಿತು, ಯಾವಾಗ ನಿಲ್ಲಿಸಿತು? ಕೆಳಗೆ ಬರೆಯಿರಿ, ಬರೆಯಲು ಬಾರದಿದ್ದರೆ ವಾಯ್ಸ್ ಮೆಸೇಜ್ ಹಾಕಿ. ಎಲ್ಲವನ್ನೂ ಕೂತು ಕೇಳುತ್ತೇನೆ.